ಚಾವಡಿಯಿಂದ ಬಸ್ರಾದವರೆಗೆ

ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವೆ ಅಮ್ಮಿನಬಾವಿ ಇದೆ. ದೇಸಗತಿಯ ವಾಡೆ, ಹಿರೇಮಠ, ಜೈನ ಬಸದಿ, ಶಿಲಾಶಾಸನಗಳಿರುವ ಹಳೆಯ ಊರು. ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಇಂಥ ಊರುಗಳಲ್ಲಿ ಆ ಕಾಲಕ್ಕೆ ಸರಕಾರವೆಂದರೆ ಚಾವಡಿ. ಯಾವ ಅಪ್ಪಣೆಯೇ ಆಗಲಿ, ಕಲೆಕ್ಟರರಿಂದ ಮಾಮಲೇದಾರರಿಗೆ, ಅವರಿಂದ ಗೌಡ-ಕುಲಕರ್ಣಿಯರಿಗೆ ಇಳಿದು, ಕೊನೆಗೆ ಡಂಗುರದ ದನಿಯಾಗಿ ಓಣಿ ಸೇರುತ್ತಿತ್ತು. 1914ರ ಮಹಾಯುದ್ಧ ನಮ್ಮ ಹಳ್ಳಿಗಳಿಗೆ ಇಳಿದು ಬಂದದ್ದೂ ಅದೇ ಮೆಟ್ಟಿಲುಗಳಿಂದ.

ಬ್ರಿಟನ್ನು ತನ್ನ ಜನರ ಮೇಲೆ ಕಡ್ಡಾಯ ಸೈನ್ಯಸೇವೆಯ ಕಾಯಿದೆ ಹೊರಿಸಿದ್ದು 1916ರ ಜನವರಿಯಲ್ಲಿ. ಮರುವರ್ಷ ಭಾರತದಲ್ಲಿ ಬಂದ ರಕ್ಷಣಾ ಪಡೆಯ ಕಾಯಿದೆ ಕಡ್ಡಾಯ ಮಾಡಿದ್ದು ಇಲ್ಲಿದ್ದ ಬಿಳಿಯ ಪ್ರಜೆಗಳಿಗೆ ಮಾತ್ರ. ನಮ್ಮ ಹುಡುಗರನ್ನು ಎಳೆದೊಯ್ಯುವ ಕಾಯಿದೆ ಯಾವುದೂ ಇರಲಿಲ್ಲ. ದಫ್ತರದಲ್ಲಿ ಎಲ್ಲರೂ ತಾವಾಗಿ ಭರ್ತಿಯಾದವರೇ. ಆದರೆ ಅದೇ 1917ರಲ್ಲಿ ಕೇಂದ್ರ ಭರ್ತಿ ಮಂಡಳಿ ಹುಟ್ಟಿತು. ಇಂಥ ಪ್ರಾಂತದಿಂದ ಇಷ್ಟು ಆಳು ಬರಬೇಕೆಂಬ ಲೆಕ್ಕ ಬಿತ್ತು. ಅಲ್ಲಿಯವರೆಗೆ ಯೋಧ ಜಾತಿಗಳಲ್ಲವೆಂದು ಹೊರಗಿಟ್ಟಿದ್ದ ಹಲವು ಸಮುದಾಯಗಳಿಗೂ ದಂಡಿನ ಬಾಗಿಲು ಒಮ್ಮೆಲೇ ತೆರೆಯಿತು. ಕಂದಾಯ ವಸೂಲು ಮಾಡುವ ಕೈಯೇ ಮನೆಯ ಮಗನನ್ನೂ ಕೇಳಿದಾಗ, ಒಲ್ಲೆ ಎನ್ನಲು ಒಕ್ಕಲಿಗನಿಗೆ ಎಷ್ಟು ಎದೆ ಬೇಕು! ಪಂಜಾಬಿನಲ್ಲಿ ಈ ಕೈ ಎಷ್ಟು ಬಿಗಿಯಾಗಿತ್ತೆಂಬುದನ್ನು 1920ರಲ್ಲಿ ಕಾಂಗ್ರೆಸ್ಸಿನ ವಿಚಾರಣಾ ಸಮಿತಿ ಸಾಕ್ಷಿಗಳ ಸಮೇತ ಬರೆದಿಟ್ಟಿದೆ. ಒಣಬೇಸಾಯದ ಸೀಮೆಯಲ್ಲಿ ಬಡತನದ ಒತ್ತಾಯವೂ ಸಣ್ಣದಲ್ಲ. ಸಿಪಾಯಿಯ ಪಗಾರ ತಿಂಗಳಿಗೆ 11 ರೂಪಾಯಿ. ಸಾಲದ ಮನೆಯಲ್ಲಿ ಆ ಹನ್ನೊಂದು ರೂಪಾಯಿಗೆ ಹೆಬ್ಬೆಟ್ಟು ಒತ್ತಿದವನನ್ನು ಖುಷಿಯಿಂದ ಹೋದವನೆಂದು ಕರೆಯಲು ನನಗೆ ಮನಸ್ಸಾಗದು.

ಈ ಭಾಗದ ದಂಡಿನ ಊರು ಬೆಳಗಾವಿ. ಮುಂಬಯಿ ಇಲಾಖೆಯ ಮರಾಠಾ ಪಲ್ಟನ್ನುಗಳು ಹಡಗು ಹತ್ತಿದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ. 1914ರ ನವೆಂಬರಿನಲ್ಲಿ ಪುಣೆಯ 6ನೆಯ ಡಿವಿಜನ್ ಬಸ್ರಾ ಹಿಡಿಯಿತು. ಮರುವರ್ಷ ಜನರಲ್ ಟೌನ್‌ಶೆಂಡ್ ಬಾಗ್ದಾದಿನ ಆಸೆಯಿಂದ ಟೈಗ್ರಿಸ್ ನದಿಗುಂಟ ಮೇಲೇರಿ, ಸೋತು ಹಿಂದೆಗೆದು ಕೂತ್ ಎಂಬ ಊರಿನಲ್ಲಿ ಸಿಕ್ಕಿಬಿದ್ದ. 1915ರ ಡಿಸೆಂಬರಿನಿಂದ ತುರ್ಕರ ಮುತ್ತಿಗೆ. ಒಳಗೆ ಸಿಕ್ಕವರಲ್ಲಿ 103ನೆಯ ಮತ್ತು 110ನೆಯ ಮರಾಠಾ ಪಲ್ಟನ್ನುಗಳಿದ್ದವು.

ಕೂತ್‌ನ ಹಸಿವನ್ನು ಇಲ್ಲಿ ಹೇಳಲೇಬೇಕು. ದವಸ ತೀರಿತು. ತಲೆಗಿಷ್ಟೆಂದು ಅಳೆದು ಕೊಡುತ್ತಿದ್ದ ಜವೆಗೋದಿಯ ಹಿಟ್ಟು ವಾರ ವಾರಕ್ಕೂ ಕಡಿಮೆಯಾಗುತ್ತ ಹಿಡಿಗೆ ಬಂತು. ತೋಪು ಎಳೆದ, ಸವಾರರನ್ನು ಹೊತ್ತ ಕುದುರೆಗಳನ್ನೇ ಕಡಿಯತೊಡಗಿದರು. ನಮ್ಮ ಸಿಪಾಯಿಗಳಲ್ಲಿ ಬಹುಪಾಲು ಜನ ಆ ಮಾಂಸ ಮುಟ್ಟಲಿಲ್ಲ. ತಿಂದರೆ ದೋಷವಿಲ್ಲವೆಂದು ಹಿಂದುಸ್ತಾನದ ಧರ್ಮಗುರುಗಳಿಂದ ಮಾತು ತರಿಸಿದರೂ, ಊರಿಗೆ ಮರಳಿದ ಮೇಲೆ ಪಂಕ್ತಿಯಲ್ಲಿ ಕೂಡಿಸಿಕೊಳ್ಳುವವರು ಯಾರು ಎಂಬ ಅಂಜಿಕೆ ಹೋಗಲಿಲ್ಲ. ಬಯಲಿನ ಸೊಪ್ಪು ಕಿತ್ತು ಕುದಿಸಿ ತಿಂದರು. ಅದರಲ್ಲಿ ವಿಷದ ಸೊಪ್ಪೂ ಇತ್ತು. ಒಸಡು ಊದಿ ರಕ್ತ ಒಸರುವ ರೋಗ ಹಬ್ಬಿತು. ಕೊನೆಗೆ, ಏಪ್ರಿಲ್ ಹೊತ್ತಿಗೆ, ಕುದುರೆಯ ಮಾಂಸವನ್ನೂ ತಿಂದರು.

1916ರ ಏಪ್ರಿಲ್ 29ರಂದು ಕೂತ್ ಶರಣಾಯಿತು. ಸುಮಾರು 13,000 ಮಂದಿ ಸೆರೆ, ಬಹುಪಾಲು ಹಿಂದೂಸ್ತಾನಿಗಳು. ಟೌನ್‌ಶೆಂಡ್‌ಗೆ ಇಸ್ತಂಬುಲಿನ ಬಳಿಯ ದ್ವೀಪದಲ್ಲಿ ಬಂಗಲೆ ಸಿಕ್ಕಿತು. ಸಿಪಾಯಿಗಳು ಮರಳುಗಾಡಿನಲ್ಲಿ ನಡೆದರು, ರೈಲು ಹಳಿ ಹಾಕುವ ಕೂಲಿಗೆ ನಿಂತರು, ಸಾವಿರಗಟ್ಟಲೆ ಸತ್ತರು.

ಶರಣಾಗತಿಯ ಹಿಂದಿನ ದಿನ, ಏಪ್ರಿಲ್ 28ರಂದು, ಇತ್ತ ಬೆಳಗಾವಿಯಲ್ಲಿ ಲೋಕಮಾನ್ಯ ತಿಲಕರು ಹೋಂ ರೂಲ್ ಲೀಗನ್ನು ಸ್ಥಾಪಿಸಿದ್ದರು. ಎರಡು ವರ್ಷ ಕಳೆದು 1918ರ ಜೂನ್ 10ರಂದು ಗವರ್ನರ್ ವಿಲಿಂಗ್ಡನ್ ಮುಂಬಯಿಯಲ್ಲಿ ಯುದ್ಧ ಪರಿಷತ್ತು ಕರೆದು, ಇನ್ನಷ್ಟು ಆಳು ಕೊಡಿ ಎಂದ. ಸ್ವರಾಜ್ಯ ಕೊಡದೆ ದೇಶರಕ್ಷಣೆಯ ಮಾತೆಲ್ಲಿಯದು ಎಂದು ತಿಲಕರು ಬಾಯಿ ತೆರೆದೊಡನೆ ಗವರ್ನರ್ ತಡೆದ. ತಿಲಕರು ಸಭೆಯಿಂದ ಎದ್ದು ಹೊರಟರು. ಅವರು ಸೈನ್ಯವನ್ನು ಬೇಡವೆಂದವರಲ್ಲ; ನಮ್ಮ ಹುಡುಗರಿಗೆ ಅಧಿಕಾರಿಯ ಪದವಿಯೂ ಸಿಗಲಿ ಎಂದವರು. ಆಳು ಬೇಕು, ಅವನ ಮಾತು ಬೇಡ ಎಂಬ ಸರಕಾರದ ನಡೆ ಹೀನಾಯವಾದುದು.

ಆ ವರ್ಷ ಮಳೆ ಕೈಕೊಟ್ಟಿತು. ಇನ್‌ಫ್ಲುಯೆಂಜಾ ಬಂತು. ದಂಡಿಗೆ ಹೋದವನ ದಾರಿ ಕಾಯುತ್ತಿದ್ದ ಮನೆಗಳನ್ನೂ ಅದು ಬಿಡಲಿಲ್ಲ.

ಮೆಸೊಪೊಟೇಮಿಯಾದಲ್ಲಿ ಮಡಿದವರಿಗಾಗಿ 1929ರಲ್ಲಿ ಬಸ್ರಾದಲ್ಲಿ ಸ್ಮಾರಕ ಎದ್ದಿತು. 40,000ಕ್ಕೂ ಮಿಕ್ಕಿದವರ ನೆನಪು. ಬಿಳಿಯ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳಿಗೆ ಹೆಸರಿಲ್ಲ. ಪಲ್ಟನ್ನಿನ ಕೆಳಗೆ ಇಷ್ಟು ಮಂದಿ ಎಂಬ ಅಂಕಿ ಮಾತ್ರ. ಈ ಭೇದಕ್ಕಾಗಿ ಯುದ್ಧಸಮಾಧಿಗಳ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ.

ಆದರೆ ಬದುಕಿ ಮರಳಿದವರ, ಮಡಿದವರ ಪದಕಗಳು ಮನೆಗಳಿಗೆ ಬಂದವು. ಸಿಪಾಯಿಗೆ ಬೆಳ್ಳಿಯದು, ಹೊರೆ ಹೊತ್ತ ಕೂಲಿಗೆ ಕಂಚಿನದು. ಅದರ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ನಂಬರು, ಹೆಸರು, ಪಲ್ಟನ್ನು ಕೊರೆದಿರುತ್ತದೆ. ಅಮ್ಮಿನಬಾವಿಯಲ್ಲಾಗಲಿ, ಧಾರವಾಡ, ಬೆಳಗಾವಿ ಸೀಮೆಯ ಯಾವುದೇ ಊರಲ್ಲಾಗಲಿ, ಅಜ್ಜಿಯ ಟ್ರಂಕಿನ ತಳದಲ್ಲಿ ಅಂಥದೊಂದು ಬಿಲ್ಲೆ ಸಿಕ್ಕರೆ ಅಕ್ಕಸಾಲಿಗನಿಗೆ ಕೊಟ್ಟು ಕರಗಿಸಬೇಡಿ. ಬೆಳಕಿಗೆ ಹಿಡಿದು ಅಂಚಿನ ಹೆಸರು ಓದಿ, ಬರೆದಿಡಿ.