ಕರ್ನಾಟಕದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ

ಕರ್ನಾಟಕದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯು ರಾಜ್ಯದ ಅತಿ ಮುಖ್ಯ ಖನಿಜೋದ್ಯಮಗಳಲ್ಲಿ ಒಂದು. ಒಡಿಶಾ, ಛತ್ತೀಸಗಢ ಮತ್ತು ಜಾರ್ಖಂಡ್‌ಗಳಂತೆ ಕರ್ನಾಟಕವೂ ಭಾರತದ ಪ್ರಮುಖ ಅದಿರು ಉತ್ಪಾದಕ ರಾಜ್ಯವಾಗಿದೆ. ಇಂದು ಗಣಿಗಾರಿಕೆಯು ಮುಖ್ಯವಾಗಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿ ನಡೆಯುತ್ತಿದೆ. ಸ್ಥಳೀಯ ಕಾರ್ಖಾನೆಗೆ ಅದಿರು ಒದಗಿಸುವ ಕೆಲಸವಾಗಿದ್ದ ಈ ಉದ್ಯಮವು 20ನೆಯ ಶತಮಾನದ ಉತ್ತರಾರ್ಧದಲ್ಲಿ ರಫ್ತಿನತ್ತ ತಿರುಗಿತು. 2000ದ ನಂತರದ ದಶಕದಲ್ಲಿ ಅದು ಮಿತಿಮೀರಿ ಬೆಳೆದು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಸ್ಥಗಿತಗೊಂಡಿತು. ಅನಂತರ ನ್ಯಾಯಾಲಯವು ವಿಧಿಸಿದ ವಾರ್ಷಿಕ ಉತ್ಪಾದನಾ ಮಿತಿಯೊಳಗೆ ಪುನರಾರಂಭವಾಯಿತು. ಒಂದು ಪ್ರದೇಶದಿಂದ ವರ್ಷಕ್ಕೆ ಎಷ್ಟು ಅದಿರನ್ನು ತೆಗೆಯಬಹುದು ಎಂಬುದನ್ನು ನ್ಯಾಯಾಲಯವೇ ನಿಗದಿಪಡಿಸಿದ್ದರಿಂದ ಭಾರತದ ಗಣಿಗಾರಿಕೆಯ ಇತಿಹಾಸದಲ್ಲಿ ಈ ಪ್ರಕರಣಕ್ಕೆ ವಿಶೇಷ ಸ್ಥಾನವಿದೆ.

ಭೂವೈಜ್ಞಾನಿಕ ಹಿನ್ನೆಲೆ

ಕರ್ನಾಟಕದ ಕಬ್ಬಿಣದ ನಿಕ್ಷೇಪಗಳು ಧಾರವಾಡ ಶಿಲಾಸಮೂಹಕ್ಕೆ ಸೇರಿದ ಪಟ್ಟೆಶಿಲೆಗಳಲ್ಲಿವೆ. ಇವು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಜಲರಾಶಿಯ ತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರಪದರವಾಗಿ ಸಂಚಯಗೊಂಡು ಉಂಟಾದವು. ರಾಜ್ಯದಲ್ಲಿ ಎರಡು ಬಗೆಯ ಅದಿರುಗಳು ದೊರೆಯುತ್ತವೆ.

ಹೆಮಟೈಟ್: ಕೆಂಪು ಬಣ್ಣದ ಅದಿರು. ಸಂಡೂರು, ಹೊಸಪೇಟೆ, ಚಿತ್ರದುರ್ಗ ಮತ್ತು ತುಮಕೂರು ಭಾಗಗಳಲ್ಲಿ ಕಂಡುಬರುತ್ತದೆ. ಸಂಡೂರಿನ ಉತ್ತಮ ದರ್ಜೆಯ ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡ 60ನ್ನು ಮೀರುವುದರಿಂದ ಅದನ್ನು ಹೆಚ್ಚಿನ ಸಂಸ್ಕರಣೆಯಿಲ್ಲದೆಯೇ ಕುಲುಮೆಗೆ ಹಾಕಬಹುದು.

ಮ್ಯಾಗ್ನಟೈಟ್: ಕಪ್ಪು ಬಣ್ಣದ, ಅಯಸ್ಕಾಂತಕ್ಕೆ ಅಂಟುವ ಅದಿರು. ಕುದುರೆಮುಖ ಹಾಗೂ ಪಶ್ಚಿಮ ಘಟ್ಟದ ಇತರ ಭಾಗಗಳಲ್ಲಿದೆ. ಇದರಲ್ಲಿ ಕಬ್ಬಿಣದ ಅಂಶ ಕಡಿಮೆ. ಆದ್ದರಿಂದ ಪುಡಿಮಾಡಿ, ಅಯಸ್ಕಾಂತದ ನೆರವಿನಿಂದ ಕಬ್ಬಿಣದ ಕಣಗಳನ್ನು ಬೇರ್ಪಡಿಸಬೇಕಾಗುತ್ತದೆ. ಭಾರತದ ಮ್ಯಾಗ್ನಟೈಟ್ ಸಂಪತ್ತಿನ ಬಹುಪಾಲು ಕರ್ನಾಟಕದಲ್ಲಿದ್ದರೂ ಅದು ದಟ್ಟಾರಣ್ಯದ ಕೆಳಗಿರುವುದರಿಂದ ಈಗ ಅಲ್ಲಿ ಗಣಿಗಾರಿಕೆ ನಡೆಯುತ್ತಿಲ್ಲ.

ಅದಿರು ಹೇರಳವಾಗಿದ್ದರೂ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಲು ಅಪಾರ ಶಾಖವೂ ಇಂಗಾಲವೂ ಬೇಕು. ಈ ಕೊರತೆಯು ಇಲ್ಲಿನ ಉದ್ಯಮದ ಸ್ವರೂಪವನ್ನು ಮೊದಲಿನಿಂದಲೂ ನಿರ್ಧರಿಸಿದೆ.

ಇತಿಹಾಸ

ಪ್ರಾಚೀನ ಕಾಲ

ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ದೊರೆತ ಕಬ್ಬಿಣದ ವಸ್ತುಗಳು ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆಯ ಪ್ರಾಚೀನತೆಯನ್ನು ತೋರಿಸುತ್ತವೆ. ಮಧ್ಯಯುಗದಲ್ಲಿ ದಕ್ಷಿಣ ಭಾರತದ ಉಕ್ಕು ಪಶ್ಚಿಮ ಏಷ್ಯಾದವರೆಗೂ ಪ್ರಸಿದ್ಧವಾಗಿತ್ತು. ಯುರೋಪಿಯನ್ನರು ಇದನ್ನು ‘ವೂಟ್ಜ್’ ಎಂದು ಕರೆದರು. ಈ ಹೆಸರು ಕನ್ನಡದ ‘ಉಕ್ಕು’ ಎಂಬ ಪದದಿಂದ ಬಂದಿದೆ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಳ್ಳಿಗಳಲ್ಲಿ ಕಮ್ಮಾರರು ಮಣ್ಣಿನ ಕುಲುಮೆಗಳಲ್ಲಿ ಇದ್ದಿಲನ್ನು ಉರಿಸಿ, ತಿದಿಯೊತ್ತಿ ಕಬ್ಬಿಣವನ್ನು ತೆಗೆಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಅಗ್ಗದ ಆಮದು ಕಬ್ಬಿಣದ ಎದುರು ಈ ಕಸುಬು ನಿಲ್ಲಲಾಗದೆ ನಶಿಸಿತು.

ಭದ್ರಾವತಿಯ ಕಾರ್ಖಾನೆ

ಆಧುನಿಕ ಗಣಿಗಾರಿಕೆಯು ಮೈಸೂರು ಸಂಸ್ಥಾನವು ಭದ್ರಾವತಿಯಲ್ಲಿ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆಯೊಂದಿಗೆ ಬೆಳೆಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆಯ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಪರಿಶ್ರಮವಿತ್ತು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದಿರನ್ನು ತೊಟ್ಟಿಲುಹಗ್ಗದ ಮಾರ್ಗದಲ್ಲಿ ಬೆಟ್ಟದಿಂದ ಇಳಿಸಿ ಸಾಗಿಸಲಾಗುತ್ತಿತ್ತು. ಕಲ್ಲಿದ್ದಲು ಇಲ್ಲದ ಕಾರಣ ಮಲೆನಾಡಿನ ಕಾಡುಗಳ ಮರದಿಂದ ಮಾಡಿದ ಇದ್ದಿಲೇ ಇಲ್ಲಿನ ಇಂಧನವಾಗಿತ್ತು. ಜೋಗದ ಜಲವಿದ್ಯುದಾಗಾರವು 1948ರಲ್ಲಿ ಕಾರ್ಯಾರಂಭ ಮಾಡಿದ ಬಳಿಕ, 1950ರ ದಶಕದಲ್ಲಿ ಕಾರ್ಖಾನೆಯು ವಿದ್ಯುತ್ ಕುಲುಮೆಗಳನ್ನು ಅಳವಡಿಸಿಕೊಂಡಿತು. ಅದಿರು, ಇಂಧನ ಮತ್ತು ಕುಲುಮೆ ಮೂರೂ ಒಂದೇ ನಾಡಿನೊಳಗಿದ್ದುದು ಈ ಹಂತದ ಲಕ್ಷಣ.

ರಫ್ತಿನ ಯುಗ ಮತ್ತು ಕುದುರೆಮುಖ

ಸ್ವಾತಂತ್ರ್ಯಾನಂತರ ವಿದೇಶಿ ವಿನಿಮಯದ ಗಳಿಕೆಗಾಗಿ ಅದಿರಿನ ರಫ್ತಿಗೆ ಪ್ರೋತ್ಸಾಹ ದೊರೆಯಿತು. ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಯಾಂತ್ರೀಕೃತ ಗಣಿಯು 1977ರಲ್ಲಿ ಕಾರ್ಯಾರಂಭ ಮಾಡಿತು.

ಕುದುರೆಮುಖ ಕಬ್ಬಿಣದ ಅದಿರು ಕಂಪನಿಯನ್ನು 1976ರಲ್ಲಿ ಸ್ಥಾಪಿಸಲಾಯಿತು. ಇರಾನ್ ಸರ್ಕಾರವು ಯೋಜನೆಗೆ ಸಾಲ ನೀಡಿ, ಅಲ್ಲಿನ ಅದಿರನ್ನು ಕೊಳ್ಳಲು ಒಪ್ಪಿತ್ತು. ಆದರೆ 1979ರ ಕ್ರಾಂತಿಯ ನಂತರ ಇರಾನ್ ಖರೀದಿಗೆ ಮುಂದಾಗಲಿಲ್ಲ. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕೃತ ಅದಿರನ್ನು ತಯಾರಿಸುವ ಸಾಮರ್ಥ್ಯದ ಗಣಿಯು ಏಕೈಕ ಗ್ರಾಹಕನನ್ನು ಕಳೆದುಕೊಂಡು ಬೇರೆ ಮಾರುಕಟ್ಟೆಗಳನ್ನು ಅರಸಬೇಕಾಯಿತು. ಅದಿರಿನ ಪುಡಿಯನ್ನು ನೀರಿನೊಡನೆ ಬೆರೆಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿಗೆ ಹರಿಸಲಾಗುತ್ತಿತ್ತು. ಅಲ್ಲಿ ಪುಡಿಯನ್ನು ಉಂಡೆಗಳಾಗಿ ಮಾಡುವ ಪೆಲೆಟ್ ಸ್ಥಾವರವು 1987ರಲ್ಲಿ ಆರಂಭವಾಯಿತು.

ಅದೇ 1987ರಲ್ಲಿ ಗಣಿಯ ಸುತ್ತಲಿನ ಅರಣ್ಯವನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಘೋಷಿಸುವ ಪ್ರಕ್ರಿಯೆಯೂ ಮೊದಲಾಯಿತು. ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಹುಟ್ಟುವ ಈ ಪ್ರದೇಶದಲ್ಲಿ ಗಣಿಯ ಹೂಳು ಭದ್ರಾ ನದಿಯನ್ನು ಸೇರುತ್ತಿದೆ ಎಂದು ಪರಿಸರವಾದಿಗಳೂ ಕೆಳಭಾಗದ ರೈತರೂ ಆಕ್ಷೇಪಿಸಿದರು. ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಅದರಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಗಣಿಯನ್ನೇ ನಂಬಿ ಬೆಳೆದಿದ್ದ ಕುದುರೆಮುಖ ಪಟ್ಟಣವು ಕ್ರಮೇಣ ಬರಿದಾಯಿತು.

ಬಳ್ಳಾರಿಯ ಅದಿರು ಭರಾಟೆ (2003–2011)

2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ವಲಯಕ್ಕೆ ಮೀಸಲಾಗಿದ್ದ 11,620 ಚದರ ಕಿಲೋಮೀಟರ್ ಖನಿಜ ಪ್ರದೇಶವನ್ನು ಖಾಸಗಿಯವರಿಗೆ ಮುಕ್ತಗೊಳಿಸಿತು. ಅದೇ ವೇಳೆಗೆ ಚೀನಾದಲ್ಲಿ ನಗರಗಳ ವಿಸ್ತರಣೆ, ರೈಲುಮಾರ್ಗಗಳು ಹಾಗೂ 2008ರ ಬೀಜಿಂಗ್ ಒಲಿಂಪಿಕ್ಸ್ ಸಿದ್ಧತೆಗಳಿಂದಾಗಿ ಉಕ್ಕಿನ ಬೇಡಿಕೆ ತೀವ್ರವಾಗಿ ಏರಿತು. ಹಿಂದೆ ಕೊಳ್ಳುವವರಿಲ್ಲದೆ ಗಣಿಗಳ ಬಳಿ ರಾಶಿ ಬಿದ್ದಿರುತ್ತಿದ್ದ ಅದಿರಿನ ಪುಡಿಗೂ ಬೆಲೆ ಬಂದಿತು.

ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅದಿರಿನ ಬೆಲೆ ಟನ್ನಿಗೆ 100 ಡಾಲರನ್ನು ಮೀರಿದಾಗಲೂ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನವು ಟನ್ನಿಗೆ ಗರಿಷ್ಠ 27 ರೂಪಾಯಿ ಮಾತ್ರವಾಗಿತ್ತು. 2009ರ ಆಗಸ್ಟ್‌ನಲ್ಲಿ ಇದನ್ನು ಮಾರಾಟ ಬೆಲೆಯ ಶೇಕಡ 10ಕ್ಕೆ, 2014ರಲ್ಲಿ ಶೇಕಡ 15ಕ್ಕೆ ಬದಲಾಯಿಸಲಾಯಿತು. ಈ ಅಂತರವೇ ಭರಾಟೆಗೆ ಮುಖ್ಯ ಕಾರಣವಾಯಿತು. ಗುತ್ತಿಗೆಯ ಗಡಿ ಮೀರಿ ಅಗೆಯುವುದು, ಪರವಾನಗಿಯಿಲ್ಲದ ಸಾಗಣೆ, ಲಾರಿಗಳಲ್ಲಿ ಮಿತಿಗಿಂತ ಹೆಚ್ಚು ಭಾರ ಹೇರುವುದು ಸಾಮಾನ್ಯವಾದವು. ರೈತರ ಪಟ್ಟಾ ಜಮೀನುಗಳ ಮೇಲ್ಮಣ್ಣನ್ನು ತೆಗೆದು ಬಿಡಿ ಅದಿರನ್ನು ಆರಿಸುವ ಕೆಲಸವೂ ಹಬ್ಬಿತು. ವಲಸೆ ಬಂದ ಕೂಲಿ ಕುಟುಂಬಗಳು, ಮಕ್ಕಳೂ ಸೇರಿದಂತೆ, ಸುತ್ತಿಗೆಯಿಂದ ಅದಿರನ್ನು ಒಡೆಯುತ್ತಿದ್ದರು.

ತನಿಖೆ ಮತ್ತು ನಿಷೇಧ

ಅಂದಿನ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಮೊದಲನೆಯ ವರದಿಯನ್ನೂ 2011ರ ಜುಲೈಯಲ್ಲಿ ಎರಡನೆಯ ವರದಿಯನ್ನೂ ಸಲ್ಲಿಸಿದರು. 2006ರಿಂದ 2010ರವರೆಗಿನ ಅಕ್ರಮಗಳಿಂದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಎರಡನೆಯ ವರದಿಯು ಅಂದಾಜಿಸಿತು. 2010ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಬೇಲೇಕೇರಿ ಬಂದರಿನಲ್ಲಿ ಅರಣ್ಯ ಇಲಾಖೆಯು ಮುಟ್ಟುಗೋಲು ಹಾಕಿಕೊಂಡಿದ್ದ ಅದಿರಿನಲ್ಲಿ ಲಕ್ಷಾಂತರ ಟನ್ ಕಾಣೆಯಾದುದು ಬೆಳಕಿಗೆ ಬಂದಿತು. ಆ ವರ್ಷದ ಜುಲೈಯಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ನಿಷೇಧಿಸಿತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಸ್ಥೆಯು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತ್ತು. ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯಲ್ಲಿಯೂ ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಗಣಿಗಳಲ್ಲಿ, ಲಾರಿ ಸಾಗಣೆಯಲ್ಲಿ ಹಾಗೂ ಅವನ್ನು ಅವಲಂಬಿಸಿದ ಸಣ್ಣ ಉದ್ದಿಮೆಗಳಲ್ಲಿ ದುಡಿಯುತ್ತಿದ್ದವರು ಕೆಲಸ ಕಳೆದುಕೊಂಡರು. ಸಾಲ ಮಾಡಿ ಲಾರಿ ಕೊಂಡಿದ್ದ ಅನೇಕ ಕುಟುಂಬಗಳು ಸಂಕಷ್ಟಕ್ಕೆ ಸಿಲುಕಿದವು.

ನ್ಯಾಯಾಲಯದ ನಿಯಂತ್ರಣ

ಕೇಂದ್ರ ಉನ್ನತಾಧಿಕಾರ ಸಮಿತಿಯು ಮೂರು ಜಿಲ್ಲೆಗಳ 166 ಗುತ್ತಿಗೆಗಳನ್ನು ಅಳತೆ ಮಾಡಿಸಿ, ಅಕ್ರಮದ ಪ್ರಮಾಣಕ್ಕೆ ಅನುಗುಣವಾಗಿ ಎ, ಬಿ, ಸಿ ಎಂಬ ಮೂರು ವರ್ಗಗಳಾಗಿ ವಿಂಗಡಿಸಿತು. ಅಕ್ರಮವಿಲ್ಲದ ಅಥವಾ ಅಲ್ಪ ಪ್ರಮಾಣದ ಅಕ್ರಮವಿದ್ದ ಎ ವರ್ಗದ ಗಣಿಗಳಿಗೆ 2012ರಲ್ಲಿ ಅನುಮತಿ ದೊರೆಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಂಭೀರ ಅಕ್ರಮವಿದ್ದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಮಾರಾಟವು ಇ-ಹರಾಜಿನ ಮೂಲಕವೇ ನಡೆಯಬೇಕೆಂಬ ವ್ಯವಸ್ಥೆಯೂ ಜಾರಿಯಲ್ಲಿತ್ತು.

ಮೂರು ಜಿಲ್ಲೆಗಳ ವಾರ್ಷಿಕ ಉತ್ಪಾದನಾ ಮಿತಿಯು ಹೀಗೆ ಬದಲಾಗಿದೆ:

2013: ಒಟ್ಟು 3 ಕೋಟಿ ಟನ್ (ಬಳ್ಳಾರಿ 2.5 ಕೋಟಿ, ಚಿತ್ರದುರ್ಗ ಮತ್ತು ತುಮಕೂರು 50 ಲಕ್ಷ)
2017: ಒಟ್ಟು 3.5 ಕೋಟಿ ಟನ್ (ಬಳ್ಳಾರಿ 2.8 ಕೋಟಿ, ಚಿತ್ರದುರ್ಗ ಮತ್ತು ತುಮಕೂರು 70 ಲಕ್ಷ)
2022: ಒಟ್ಟು 5 ಕೋಟಿ ಟನ್ (ಬಳ್ಳಾರಿ 3.5 ಕೋಟಿ, ಚಿತ್ರದುರ್ಗ ಮತ್ತು ತುಮಕೂರು 1.5 ಕೋಟಿ)

2022ರ ಮೇ ತಿಂಗಳಿನಲ್ಲಿ ನ್ಯಾಯಾಲಯವು ಕಡ್ಡಾಯ ಇ-ಹರಾಜಿನ ನಿಯಮವನ್ನೂ ರಫ್ತು ನಿಷೇಧವನ್ನೂ ಸಡಿಲಿಸಿತು.

ಉಕ್ಕಿನ ಕಾರ್ಖಾನೆಗಳು ಮತ್ತು ಇಂಧನ

ರಫ್ತು ನಿಂತ ಮೇಲೆ ಅದಿರಿನ ಬಹುಪಾಲು ರಾಜ್ಯದೊಳಗಿನ ಉಕ್ಕಿನ ಮತ್ತು ಮೆದುಕಬ್ಬಿಣದ ಕಾರ್ಖಾನೆಗಳಿಗೆ ಹೋಗುತ್ತಿದೆ. ಇವುಗಳಲ್ಲಿ ದೊಡ್ಡದು 1994ರಲ್ಲಿ ಸ್ಥಾಪನೆಯಾದ ಖಾಸಗಿ ಸಂಸ್ಥೆಯ, ಸಂಡೂರು ತಾಲ್ಲೂಕು ತೋರಣಗಲ್ಲಿನ ವಿಜಯನಗರ ಉಕ್ಕಿನ ಕಾರ್ಖಾನೆ. ವರ್ಷಕ್ಕೆ 1.2 ಕೋಟಿ ಟನ್ ಸಾಮರ್ಥ್ಯವನ್ನು ಮುಟ್ಟಿದ ಈ ಕಾರ್ಖಾನೆಯು ಬಳಿಕ ಇನ್ನಷ್ಟು ವಿಸ್ತರಣೆಗೊಂಡಿದೆ. ಲಾರಿಗಳ ಬದಲು ಕನ್ವೇಯರ್ ಪಟ್ಟಿಯ ಮೂಲಕ ಅದಿರನ್ನು ಗಣಿಯಿಂದ ನೇರವಾಗಿ ಕಾರ್ಖಾನೆಗೆ ತರುವ ವ್ಯವಸ್ಥೆಯನ್ನೂ ಅದು ಮಾಡಿಕೊಂಡಿದೆ.

ಊದುಕುಲುಮೆಯಲ್ಲಿ ಒಂದು ಟನ್ ಉಕ್ಕನ್ನು ತಯಾರಿಸಲು ಸುಮಾರು ಒಂದೂವರೆ ಟನ್ ಅದಿರು ಮತ್ತು ಮುಕ್ಕಾಲು ಟನ್ನಿನಷ್ಟು ಕಲ್ಲಿದ್ದಲು ಬೇಕು. ಭಾರತದಲ್ಲಿ ಉತ್ತಮ ದರ್ಜೆಯ ಕೋಕಿಂಗ್ ಕಲ್ಲಿದ್ದಲಿನ ಕೊರತೆಯಿರುವುದರಿಂದ ಅದರ ಹೆಚ್ಚಿನ ಭಾಗ ಆಸ್ಟ್ರೇಲಿಯಾ ಮೊದಲಾದ ದೇಶಗಳಿಂದ ಬರುತ್ತದೆ. ಒಂದು ಕಾಲದಲ್ಲಿ ಅದಿರನ್ನು ಹೊರಗೆ ಕಳುಹಿಸುತ್ತಿದ್ದ ಬಂದರುಗಳ ದಾರಿ ಈಗ ಕಲ್ಲಿದ್ದಲನ್ನು ಒಳಕ್ಕೆ ತರುತ್ತಿದೆ. ಈ ವಿಧಾನದಲ್ಲಿ ಪ್ರತಿ ಟನ್ ಉಕ್ಕಿಗೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಕಲ್ಲಿದ್ದಲಿನ ಬದಲು ಜಲಜನಕವನ್ನು ಬಳಸುವ ವಿಧಾನಗಳ ಬಗ್ಗೆ ಜಗತ್ತಿನಾದ್ಯಂತ ಪ್ರಯೋಗಗಳು ನಡೆಯುತ್ತಿವೆ.

ಇದಕ್ಕೆ ವ್ಯತಿರಿಕ್ತವಾಗಿ, ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯು ತನ್ನದೇ ಆದ ಅದಿರಿನ ಗಣಿಯಿಲ್ಲದೆ ದುರ್ಬಲಗೊಂಡಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದೊಂದಿಗೆ ವಿಲೀನವಾಗಿದ್ದ ಈ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವು 2023ರ ಆರಂಭದಲ್ಲಿ ಪ್ರಕಟವಾದಾಗ ಕಾರ್ಮಿಕರು ಪ್ರತಿಭಟಿಸಿದರು. ಅದೇ ವರ್ಷ ಉತ್ಪಾದನೆಯು ಭಾಗಶಃ ಪುನರಾರಂಭವಾಯಿತು.

ಪರಿಣಾಮಗಳು ಮತ್ತು ಪುನಶ್ಚೇತನ

ಗಣಿಗಾರಿಕೆಯ ಭರಾಟೆಯಲ್ಲಿ ಸಂಡೂರು ಮತ್ತು ಹೊಸಪೇಟೆ ಪ್ರದೇಶದ ಹೊಲಗಳು, ಮನೆಗಳು ಹಾಗೂ ರಸ್ತೆಬದಿಯ ಮರಗಳು ಕೆಂಧೂಳಿನಿಂದ ಮುಚ್ಚಿಹೋದವು. ಗಣಿತ್ಯಾಜ್ಯವು ಮಳೆಯಲ್ಲಿ ಕೊಚ್ಚಿಬಂದು ಹಳ್ಳಗಳನ್ನೂ ಕೆರೆಗಳನ್ನೂ ಸೇರಿತು. ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಆರಂಭದ ಸುಮಾರು 133 ಟಿ.ಎಂ.ಸಿ.ಯಿಂದ 105 ಟಿ.ಎಂ.ಸಿ.ಯ ಆಸುಪಾಸಿಗೆ ಇಳಿದಿದೆ. ಜಲಾನಯನ ಪ್ರದೇಶದ ಮಣ್ಣಿನ ಸವಕಳಿಯ ಜೊತೆಗೆ ಗಣಿತ್ಯಾಜ್ಯವೂ ಈ ಹೂಳಿಗೆ ಕಾರಣಗಳಲ್ಲಿ ಒಂದೆಂದು ಹೇಳಲಾಗುತ್ತದೆ.

ಹಾನಿಯನ್ನು ಸರಿಪಡಿಸಲು ಅದಿರಿನ ಮಾರಾಟದ ಹಣದಲ್ಲಿ ಒಂದು ಪಾಲನ್ನು ನ್ಯಾಯಾಲಯವು ತೆಗೆದಿರಿಸಿತು. ಈ ನಿಧಿಯ ಬಳಕೆಗಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವು ರಚನೆಯಾಯಿತು. ಕುಡಿಯುವ ನೀರು, ಆಸ್ಪತ್ರೆ, ಶಾಲೆ, ವಸತಿ, ರಸ್ತೆ ಮತ್ತು ಅರಣ್ಯೀಕರಣಗಳನ್ನು ಒಳಗೊಂಡ ಸುಮಾರು 25,000 ಕೋಟಿ ರೂಪಾಯಿಗಳ ಯೋಜನೆಗೆ 2022ರಲ್ಲಿ ಒಪ್ಪಿಗೆ ದೊರೆಯಿತು. ಅದರ ಮೇಲ್ವಿಚಾರಣೆಯನ್ನು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರಿಗೆ ವಹಿಸಲಾಯಿತು. ಇದಲ್ಲದೆ, 2015ರ ಖನಿಜ ಕಾಯಿದೆಯ ತಿದ್ದುಪಡಿಯಂತೆ ಹಳೆಯ ಗುತ್ತಿಗೆದಾರರು ರಾಜಧನದ ಶೇಕಡ 30ರಷ್ಟನ್ನೂ ಹರಾಜಿನಲ್ಲಿ ಗಣಿ ಪಡೆದವರು ಶೇಕಡ 10ರಷ್ಟನ್ನೂ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹೆಚ್ಚುವರಿಯಾಗಿ ಪಾವತಿಸಬೇಕು.

ಪ್ರಚಲಿತ ಚರ್ಚೆಗಳು

ಹೊಸ ಗಣಿಗಳಿಗೆ ಅರಣ್ಯಭೂಮಿಯನ್ನು ನೀಡುವ ವಿಚಾರ ಇಂದಿಗೂ ವಿವಾದಕ್ಕೆ ಒಳಗಾಗಿದೆ. ಕುದುರೆಮುಖದಲ್ಲಿ ಗಣಿ ಕಳೆದುಕೊಂಡ ಕಂಪನಿಯು ಮಂಗಳೂರಿನ ಪೆಲೆಟ್ ಸ್ಥಾವರಕ್ಕೆ ಅದಿರು ಒದಗಿಸಲು ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿಯನ್ನು ಪಡೆಯಲು ಮುಂದಾಯಿತು. ಇದರಿಂದ ಸುಮಾರು 99 ಸಾವಿರ ಮರಗಳು ನಾಶವಾಗುತ್ತವೆ ಎಂಬ ಕಾರಣಕ್ಕೆ ಸ್ಥಳೀಯರೂ ಪರಿಸರ ಸಂಘಟನೆಗಳೂ ವಿರೋಧ ವ್ಯಕ್ತಪಡಿಸಿವೆ. ಸ್ಥಾವರದ ನೌಕರರ ಉದ್ಯೋಗ ಒಂದು ಕಡೆ, ಸಂಡೂರಿನ ಉಳಿದಿರುವ ಕಾಡು ಇನ್ನೊಂದು ಕಡೆ ಇರುವುದರಿಂದ ಈ ಪ್ರಶ್ನೆ ಸುಲಭವಾಗಿ ಬಗೆಹರಿಯುವಂಥದ್ದಲ್ಲ.

ಉತ್ಪಾದನಾ ಮಿತಿಯ ಬಗೆಗೂ ಭಿನ್ನಾಭಿಪ್ರಾಯಗಳಿವೆ. ಈ ನಿರ್ಬಂಧ ಕರ್ನಾಟಕದ ಉಕ್ಕಿನ ಉದ್ಯಮಕ್ಕೆ ತೊಡಕಾಗಿದೆ ಎಂಬುದು ಉದ್ಯಮಿಗಳ ವಾದ. ಅದಿರು ಮತ್ತೆ ಹುಟ್ಟುವ ವಸ್ತುವಲ್ಲ, ಮುಂದಿನ ತಲೆಮಾರುಗಳಿಗೂ ಅದರಲ್ಲಿ ಪಾಲಿದೆ, ಆದುದರಿಂದ ಮಿತಿ ಅಗತ್ಯ ಎಂಬುದು ಅರ್ಜಿದಾರರ ನಿಲುವು. 2013ರ ತೀರ್ಪು ಕೂಡ ಉತ್ಪಾದನೆಗೆ ಮಿತಿ ಹಾಕುವಾಗ ತಲೆಮಾರುಗಳ ನಡುವಣ ನ್ಯಾಯದ ತತ್ತ್ವವನ್ನು ಪರಿಗಣಿಸಿತ್ತು.