7400ರ ಜಾಗಕ್ಕೆ ಯಾವ ಚಿಪ್?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1964ರಲ್ಲಿ ಸೇನೆಯ ಬಳಕೆಗೆಂದು 5400 ಲಾಜಿಕ್ ಚಿಪ್‌ಗಳ ಸರಣಿಯನ್ನು ತಂದಿತು. 1966ರಲ್ಲಿ ಅದರ ಅಗ್ಗದ ರೂಪವಾದ 7400 ಪ್ಲಾಸ್ಟಿಕ್ ಕವಚದಲ್ಲಿ ಮಾರುಕಟ್ಟೆಗೆ ಇಳಿಯಿತು. ಫೇರ್‌ಚೈಲ್ಡ್, ನ್ಯಾಷನಲ್, ಸಿಗ್ನೆಟಿಕ್ಸ್, ಮೊಟೊರೊಲಾ ಕಂಪನಿಗಳೂ ಅದನ್ನೇ ತಯಾರಿಸತೊಡಗಿದ ಮೇಲೆ ಯಾರ ಚಿಪ್ ಆದರೂ ಅದೇ ಸಾಕೆಟ್ಟಿನಲ್ಲಿ ಕೂರುತ್ತಿತ್ತು. ಒಂದು ಸಿಗದಿದ್ದರೆ ಇನ್ನೊಂದು ಹಾಕುವ ರೂಢಿ ಹವ್ಯಾಸಿಗಳಿಗೆ ಅಂಟಿಕೊಂಡದ್ದು ಹೀಗೆ.

ನಂತರ ನಂಬರಿನ ನಡುವೆ ಅಕ್ಷರಗಳು ಸೇರಿಕೊಂಡವು. 1970ರ ದಶಕದ 74ಎಲ್‌ಎಸ್00 ಹಳೆಯ 7400ರಷ್ಟೇ ಚುರುಕು. ಆದರೆ ಒಂದು ಗೇಟಿಗೆ 10 ಮಿಲಿವ್ಯಾಟ್ ಬೇಕಿದ್ದ ಕಡೆ ಇದಕ್ಕೆ 2 ಸಾಕು. ಈ ಬದಲಿ ಬಹುಮಟ್ಟಿಗೆ ನಿರಪಾಯ. ಎರಡೂ ಟಿಟಿಎಲ್ ಎಂಬ ಬಗೆಯ ಚಿಪ್‌ಗಳೇ. ಡಾನ್ ಲಂಕಾಸ್ಟರ್ ಅವರ ‘ಟಿಟಿಎಲ್ ಕುಕ್‌ಬುಕ್’ 1974ರಲ್ಲಿ ಬಂದು ಯಾವ ಚಿಪ್ಪಿನ ಯಾವ ಕಾಲು ಏನು ಮಾಡುತ್ತದೆ ಎಂಬುದನ್ನು ಹವ್ಯಾಸಿಗಳ ಕೈಗೇ ಕೊಟ್ಟಿತು.

ಸೋವಿಯತ್ ಒಕ್ಕೂಟದಲ್ಲಿ 7400ರ ಪಾತ್ರ ವಹಿಸಿದ್ದು ಅಲ್ಲಿಯದೇ ಕೆ155ಎಲ್‌ಎ3. ತರ್ಕ ಅದೇ, ಕಾಲುಗಳ ಜೋಡಣೆಯೂ ಅದೇ. ಕಾಲುಗಳ ನಡುವಿನ ಅಂತರ ಮಾತ್ರ 2.54 ಮಿಲಿಮೀಟರಿನ ಬದಲು 2.5. 14 ಕಾಲಿನ ಚಿಪ್ಪಿನಲ್ಲಿ ಇದು ಲೆಕ್ಕಕ್ಕಿಲ್ಲ. 40 ಕಾಲಿನದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಕ್ಕಾಲು ಮಿಲಿಮೀಟರು ತಪ್ಪುತ್ತದೆ.

ನಿಜವಾದ ತೊಡಕು ಶುರುವಾದದ್ದು ಸಿಮಾಸ್ ಎಂಬ ಇನ್ನೊಂದು ಬಗೆಯ ಚಿಪ್‌ಗಳಿಂದ. ಆರ್‌ಸಿಎ ಕಂಪನಿ 1968ರಲ್ಲಿ ತಂದ 4000 ಸರಣಿಯ 4011ರಲ್ಲೂ 7400ರಂತೆಯೇ ನಾಲ್ಕು ನ್ಯಾಂಡ್ ಗೇಟುಗಳಿವೆ, 14 ಕಾಲುಗಳಿವೆ, ವಿದ್ಯುತ್ ಪಡೆಯುವ ಕಾಲುಗಳೂ ಅವೇ. ಆದರೆ 7400ರಲ್ಲಿ 4ನೇ ಕಾಲು ಇನ್‌ಪುಟ್, 4011ರಲ್ಲಿ ಅದೇ ಔಟ್‌ಪುಟ್! ಕಣ್ಣುಮುಚ್ಚಿ ಸಾಕೆಟ್ಟಿಗೆ ಒತ್ತಿದರೆ ಎರಡು ಔಟ್‌ಪುಟ್‌ಗಳು ಎದುರುಬದುರು ನಿಂತು ಗುದ್ದಾಡುತ್ತವೆ.

1980ರ ದಶಕದ ಎಚ್‌ಸಿ ಸರಣಿ ಸಿಮಾಸ್ ಆಗಿದ್ದೂ ಹಳೆಯ ಕಾಲುಜೋಡಣೆಯನ್ನೇ ಉಳಿಸಿಕೊಂಡಿತು. ಆದ್ದರಿಂದಲೇ ಅದರ ದೋಷ ಹೆಚ್ಚು ಕಾಡುವಂಥದ್ದು. ಎಲ್‌ಎಸ್ ಚಿಪ್ ‘ಒಂದು’ ಎನ್ನಲು ಖಾತರಿ ಕೊಡುವುದು 2.7 ವೋಲ್ಟ್ ಮಾತ್ರ. 5 ವೋಲ್ಟಿನಲ್ಲಿ ಓಡುವ ಎಚ್‌ಸಿ ಕೇಳುವುದು 3.5. ವಾಸ್ತವದಲ್ಲಿ ಎಲ್‌ಎಸ್ 3.4ರ ಆಸುಪಾಸು ಕೊಡುವುದುಂಟು. ಹಾಗಾಗಿ ಸರ್ಕ್ಯೂಟ್ ಇವತ್ತು ಓಡಿ ನಾಳೆ ತಡವರಿಸಬಹುದು. ಎಚ್‌ಸಿಟಿ ಹುಟ್ಟಿದ್ದು ಈ ಕಂದಕ ಮುಚ್ಚಲಿಕ್ಕೇ: ಅದಕ್ಕೆ 2 ವೋಲ್ಟ್ ಸಾಕು. ಹಳೆಯ ಬೋರ್ಡುಗಳಿಗೆ ಮರುಜೀವ ಕೊಡುವವರ ಪಾಲಿಗೆ ಈ ಸರಣಿಯಷ್ಟು ಉಪಕಾರಿ ಇನ್ನೊಂದಿಲ್ಲ.

ಅಲ್ಲೂ ಒಂದು ಎಚ್ಚರ ಬೇಕು. ಟಿಟಿಎಲ್ ಚಿಪ್ಪಿನ ಇನ್‌ಪುಟ್ಟನ್ನು ಯಾವುದಕ್ಕೂ ಜೋಡಿಸದೆ ಬಿಟ್ಟರೆ ಅದು ತನ್ನಷ್ಟಕ್ಕೆ ‘ಒಂದು’ ಎಂದುಕೊಳ್ಳುತ್ತದೆ. ಅನೇಕ ಹಳೆಯ ಹವ್ಯಾಸಿ ಸರ್ಕ್ಯೂಟುಗಳು ಇದನ್ನೇ ನೆಚ್ಚಿಕೊಂಡಿದ್ದವು. ಎಚ್‌ಸಿಟಿಯಲ್ಲಿ ಅದೇ ಕಾಲು, ಹತ್ತಿರ ಬೆರಳು ತಂದರೂ ಸಾಕು, ಸೊನ್ನೆಗೂ ಒಂದಕ್ಕೂ ನಡುವೆ ಓಲಾಡುತ್ತದೆ. ಗೇಟಿನ ಕೆಲಸ ನೋಡಿಕೊಂಡು ಅದನ್ನು 5 ವೋಲ್ಟಿಗೋ ಗ್ರೌಂಡಿಗೋ ಕಟ್ಟಿದ ಮೇಲೆಯೇ ಆ ಬದಲಿ ಪೂರ್ತಿಯಾಗುತ್ತದೆ.