ಗುಣವಂತರ ಸ್ಮರಣೆಯೂ ಸ್ಮರಿಸುವವರ ಧರ್ಮವೂ

ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿರುವುದು ಸ್ವಾಧ್ಯಾಯಶೀಲರಾದ ಶ್ರಾವಕ-ಶ್ರಾವಿಕೆಯರಿಗೆ ತಿಳಿದ ವಿಷಯವೇ ಆಗಿದೆ. ಇವುಗಳಲ್ಲಿ ಪ್ರಮೋದವೆಂದರೆ ತನಗಿಂತ ಗುಣದಲ್ಲಿ ಹೆಚ್ಚಿನವರನ್ನು ಕಂಡಾಗ ಮನಸ್ಸಿನಲ್ಲಿ ಮೂಡುವ ನಿರ್ಮಲವಾದ ಹರ್ಷ. ನಾಲ್ಕರಲ್ಲಿ ಆಚರಣೆಗೆ ಅತ್ಯಂತ ಕಠಿಣವಾದುದು ಇದೇ ಎಂದು ನನಗೆ ತೋರುತ್ತದೆ. ದುಃಖಿತನನ್ನು ಕಂಡು ಮರುಗುವಾಗ ನಾವು ಒಂದು ಮೆಟ್ಟಿಲು ಮೇಲೆ ನಿಂತಿರುತ್ತೇವೆ. ಗುಣಾಧಿಕನಿಗೆ ನಮಿಸುವಾಗ ಕೆಳಗಿಳಿದು ನಿಲ್ಲಬೇಕಾಗುತ್ತದೆ.

ಗತಿಸಿದವರಿಗೆ ಪಿಂಡಪ್ರದಾನದಿಂದ ಸದ್ಗತಿಯನ್ನು ತಂದುಕೊಡಬಹುದೆಂದು ನಮ್ಮ ಆಗಮವು ಒಪ್ಪುವುದಿಲ್ಲ. ಜೀವನು ತಾನು ಮಾಡಿದ ಕರ್ಮದ ಫಲವನ್ನು ತಾನೇ ಉಣ್ಣಬೇಕು. ಹಾಗಿದ್ದಲ್ಲಿ ಸ್ಮರಣ ಸಭೆಗಳಿಂದ ಯಾರಿಗೆ ಪ್ರಯೋಜನ? ಸ್ಮರಿಸುವವರಿಗೇ ಪ್ರಯೋಜನ. ಪಂಚನಮಸ್ಕಾರ ಮಂತ್ರದಲ್ಲಿ ಒಬ್ಬ ವ್ಯಕ್ತಿಯ ಹೆಸರೂ ಇಲ್ಲದಿರುವುದನ್ನು ಗಮನಿಸಬೇಕು. ಅಲ್ಲಿ ನಮಸ್ಕಾರ ಸಲ್ಲುವುದು ಗುಣಕ್ಕೆ. ಆದುದರಿಂದ ಗತಿಸಿದ ಗುಣವಂತರನ್ನು ಹತ್ತು ಮಂದಿ ಸೇರಿ ನೆನೆಯುವಾಗ, ಸತ್ತವರ ಯೋಗ್ಯತೆಗಿಂತ ಸೇರಿದವರ ಯೋಗ್ಯತೆಯೇ ಪರೀಕ್ಷೆಗೆ ಒಳಗಾಗುತ್ತದೆ. ಈ ಮಾತಿಗೆ ಸಂಗೀತದ ಇತಿಹಾಸದಿಂದ ಒಂದು ದೊಡ್ಡ ನಿದರ್ಶನವನ್ನು ಇಲ್ಲಿ ವಿಚಾರಿಸಬಹುದು. ಅದು ಅನ್ಯಮತದವರ ಕಥೆಯಾದರೂ ಪಾಠ ನಮ್ಮದೇ ಆಗಿದೆ. ಕನ್ನಡ ನಾಡಿನ ಇಬ್ಬರು ಕಲಾವಿದರು ಅದರಲ್ಲಿ ಮುಖ್ಯ ಪಾತ್ರ ವಹಿಸಿದ್ದಾರೆ.

ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಮೊದಲು ನೆನೆಯೋಣ. ವೃಷಭನಾಥನ ಸಭೆಯಲ್ಲಿ ನರ್ತಿಸುತ್ತಿದ್ದಂತೆಯೇ ಆ ದೇವನರ್ತಕಿಯ ಆಯುಷ್ಯ ಮುಗಿಯಿತು. ರಸಭಂಗವಾಗದಂತೆ ಇಂದ್ರನು ಆಕೆಯಂತಹುದೇ ಇನ್ನೊಂದು ರೂಪವನ್ನು ನಿಲ್ಲಿಸಿದನು. ಸಭೆಯವರು ನೃತ್ಯವನ್ನು ಸವಿಯುತ್ತಲೇ ಇದ್ದರು. ಕಲಾವಿದೆ ಇಲ್ಲವಾದುದನ್ನು ಕಂಡವನು ವೃಷಭನೊಬ್ಬನೇ. ಕಲೆಯನ್ನು ಸವಿಯುವ ಲೋಕವು ಕಲಾವಿದನ ಅಗಲಿಕೆಯನ್ನು ಎಷ್ಟು ಸುಲಭವಾಗಿ ಮರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇರೆ ಇರಲಾರದು.

ತಿರುವೈಯಾರಿನಲ್ಲಿ ನಡೆದುದೂ ಇಂತಹುದೇ. 1767ರಲ್ಲಿ ತಿರುವಾರೂರಿನಲ್ಲಿ ಜನಿಸಿದ ತ್ಯಾಗರಾಜರು ತಂಜಾವೂರಿನ ಸಮೀಪದ ಕಾವೇರಿ ತೀರದ ಈ ಊರಿನಲ್ಲಿ ನೆಲೆಸಿ, ಉಂಛವೃತ್ತಿಯಿಂದ ಜೀವಿಸಿ, ತೆಲುಗಿನಲ್ಲಿ ನೂರಾರು ಕೃತಿಗಳನ್ನು ರಚಿಸಿದರು. 1847ರ ಜನವರಿ 6ರಂದು, ಪುಷ್ಯ ಬಹುಳ ಪಂಚಮಿಯ ದಿನ, ಸಂನ್ಯಾಸವನ್ನು ಸ್ವೀಕರಿಸಿದ ಸ್ವಲ್ಪ ಕಾಲದಲ್ಲಿಯೇ ದೇಹವನ್ನು ಬಿಟ್ಟರು. ನದೀತೀರದಲ್ಲಿ ಸಮಾಧಿಯಾಯಿತು. ಶಿಷ್ಯರು ತಮ್ಮ ತಮ್ಮ ಊರುಗಳಿಗೆ ತೆರಳಿ ಅಲ್ಲಲ್ಲಿಯೇ ಗುರುವಿನ ಪುಣ್ಯದಿನವನ್ನು ಆಚರಿಸಿಕೊಂಡರು. ಅವರ ಕೃತಿಗಳು ದಕ್ಷಿಣ ಭಾರತದಲ್ಲೆಲ್ಲ ಹರಡಿದವು. ಸಮಾಧಿಯ ಮೇಲೆ ಮಾತ್ರ ಗಿಡಗಂಟಿ ಬೆಳೆಯಿತು.

ಅರ್ಧ ಶತಮಾನವೇ ಕಳೆದ ಮೇಲೆ, 1903ರಲ್ಲಿ, ತ್ಯಾಗರಾಜರ ಶಿಷ್ಯರಾಗಿದ್ದ ಉಮಯಾಳಪುರಂ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ವೃದ್ಧಾಪ್ಯದಲ್ಲಿ ಅಲ್ಲಿಗೆ ಬಂದು, ಹಾಳು ಬಿದ್ದ ಗುರುಸಮಾಧಿಯನ್ನು ಕಂಡು ಅದನ್ನು ದುರಸ್ತಿ ಮಾಡಿಸಿದರು. ಮುಂದಿನ ಕೆಲವು ವರ್ಷಗಳಲ್ಲಿ ಸಂಗೀತಗಾರರು ವರ್ಷಕ್ಕೊಮ್ಮೆ ಅಲ್ಲಿ ಕೂಡಿ ಆರಾಧನೆ ನಡೆಸುವ ಪದ್ಧತಿ ಬೆಳೆಯಿತು. ಗುರುವಿನ ಎದುರು ಹಾಡಿ ಹೋಗುವುದೊಂದೇ ಅದರ ಉದ್ದೇಶ.

ಆದರೆ ಕಾಲಕ್ರಮದಲ್ಲಿ ಈ ಸತ್ಕಾರ್ಯವನ್ನು ನಡೆಸುತ್ತಿದ್ದವರಲ್ಲಿಯೇ ಭಿನ್ನಾಭಿಪ್ರಾಯ ಹುಟ್ಟಿ, ತಮಿಳಿನಲ್ಲಿ ‘ಪೆರಿಯ ಕಚ್ಚಿ’, ‘ಚಿನ್ನ ಕಚ್ಚಿ’ ಎಂದು, ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂದು ಎರಡು ಬಣಗಳಾದವು. ಒಬ್ಬನೇ ಗುರು, ಒಂದೇ ಸಮಾಧಿ. ಆರಾಧನೆ ಮಾತ್ರ ಎರಡು. ಎರಡೂ ಪಕ್ಷದವರಿಗೆ ಒಮ್ಮತವಿದ್ದುದು ಒಂದು ವಿಷಯದಲ್ಲಿ: ಸ್ತ್ರೀಯರು ಅಲ್ಲಿ ಹಾಡಕೂಡದು.

ಈ ಸಂದರ್ಭದಲ್ಲಿ ಕನ್ನಡ ನಾಡಿನ ಸಂಬಂಧ ಬರುತ್ತದೆ. ಬೆಂಗಳೂರು ನಾಗರತ್ನಮ್ಮನವರು 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಮನೆತನದಲ್ಲಿ ಜನಿಸಿದವರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಸ್ವಂತ ವಿದ್ಯೆಯ ಬಲದಿಂದ ಮದರಾಸಿನಲ್ಲಿ ಹೆಸರು ಗಳಿಸಿದರು. ಅವರಿಗೆ ಬೆಂಗಳೂರಿನಲ್ಲಿ ಸಂಗೀತ ಕಲಿಸಿದ ಮುನಿಸ್ವಾಮಪ್ಪನವರು ತ್ಯಾಗರಾಜರ ಶಿಷ್ಯ ವಾಲಾಜಪೇಟೆ ವೆಂಕಟರಮಣ ಭಾಗವತರ ಪರಂಪರೆಗೆ ಸೇರಿದವರು. ಹೀಗೆ ವಿದ್ಯಾವಂಶದ ಲೆಕ್ಕದಲ್ಲಿ ನಾಗರತ್ನಮ್ಮನವರೂ ಆ ಗುರುವಿನ ವಾರಸುದಾರರೇ ಆಗಿದ್ದರು.

ತಿರುವೈಯಾರಿನ ಸಮಾಧಿಯ ದುಃಸ್ಥಿತಿಯನ್ನು ಮೈಸೂರಿನ ಪ್ರಸಿದ್ಧ ಗಾಯಕ ಬಿಡಾರಂ ಕೃಷ್ಣಪ್ಪನವರು ಕಾಗದ ಬರೆದು ಅವರಿಗೆ ತಿಳಿಸಿದರು. ನಾಗರತ್ನಮ್ಮನವರು ಅಲ್ಲಿಗೆ ಹೋಗಿ, ಸಮಾಧಿಯ ಸುತ್ತಣ ನೆಲವನ್ನು ದೊರಕಿಸಿಕೊಂಡು, 1921ರಲ್ಲಿ ಗುಡಿಗೆ ಅಸ್ತಿಭಾರ ಹಾಕಿಸಿದರು. ಹಾಡಿ ಗಳಿಸಿದ ಹಣ ಮತ್ತು ಒಡವೆಗಳನ್ನು ಅದಕ್ಕೆ ವಿನಿಯೋಗಿಸಿದರು. 1925ರ ಜನವರಿಯಲ್ಲಿ ತ್ಯಾಗರಾಜರ ವಿಗ್ರಹದೊಡನೆ ಗುಡಿಯ ಪ್ರತಿಷ್ಠೆ ನೆರವೇರಿತು.

ಗುಡಿ ಕಟ್ಟಿಸಿದ ಈ ಮಹಿಳೆಗೆ ಅದರ ಎದುರು ಆರಾಧನೆಯಲ್ಲಿ ಹಾಡಲು ಅನುಮತಿ ದೊರೆಯಲಿಲ್ಲ. ಹಣ ಸ್ವೀಕಾರಾರ್ಹವಾಯಿತು, ಕಂಠ ಆಗಲಿಲ್ಲ. ಲೆಕ್ಕಪತ್ರಗಳನ್ನು ಬಲ್ಲವರು ಇದನ್ನು ವಿಚಾರಿಸಲಿ: ಜಮಾ ಬದಿಯಲ್ಲಿ ಹೆಸರಿರುವವರು ಹಕ್ಕಿನ ಬದಿಯಲ್ಲಿ ಇಲ್ಲದಿರುವುದು ಯಾವ ನ್ಯಾಯ? ನಾಗರತ್ನಮ್ಮನವರು ಹಿಂಜರಿಯಲಿಲ್ಲ. ಸ್ತ್ರೀಯರನ್ನು ಕೂಡಿಸಿಕೊಂಡು 1927ರ ಸುಮಾರಿಗೆ ತಾವೇ ಪ್ರತ್ಯೇಕವಾಗಿ ಆರಾಧನೆಯನ್ನು ಆರಂಭಿಸಿದರು. ಇದಕ್ಕೆ ‘ಪೆಂಗಳ್ ಕಚ್ಚಿ’, ಹೆಂಗಸರ ಪಕ್ಷ, ಎಂದು ಹೆಸರಾಯಿತು. ಈಗ ಒಂದು ಸಮಾಧಿಗೆ ಮೂರು ಪಕ್ಷಗಳು.

ಕೊನೆಗೆ ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದ ಸಂಗೀತಗಾರರು ಮತ್ತು ಸರಕಾರಿ ಅಧಿಕಾರಿಯಾಗಿದ್ದ ಎಸ್. ವೈ. ಕೃಷ್ಣಸ್ವಾಮಿಯವರ ಪ್ರಯತ್ನದಿಂದ 1940ರಲ್ಲಿ ಮೂರು ಪಕ್ಷಗಳೂ ಒಂದಾಗಿ ಶ್ರೀ ತ್ಯಾಗಬ್ರಹ್ಮ ಮಹೋತ್ಸವ ಸಭಾ ಏರ್ಪಟ್ಟಿತು. 1941ರ ಆರಾಧನೆಯನ್ನು ಎಲ್ಲರೂ ಕೂಡಿ ನಡೆಸಿದರು, ಸ್ತ್ರೀಯರೂ ಹಾಡಿದರು. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳ ಪಂಚರತ್ನ ಕೃತಿಗಳನ್ನು ವಿದ್ವಾಂಸರೆಲ್ಲ ಸಾಲಾಗಿ ಕುಳಿತು ಒಂದೇ ಕಂಠದಿಂದ ಹಾಡುವ ಪದ್ಧತಿ ಆ ಐಕ್ಯದ ವರ್ಷಗಳಲ್ಲಿ ನೆಲೆಗೊಂಡಿತು. ಕೂಡಿ ಹಾಡುವಲ್ಲಿ ಮೊದಲ ಕಚೇರಿ ಯಾರದು, ಕೊನೆಯದು ಯಾರದು ಎಂಬ ಪ್ರಶ್ನೆಗೆ ಎಡೆಯಿಲ್ಲ.

ನಾಗರತ್ನಮ್ಮನವರು 1952ರ ಮೇ ತಿಂಗಳಿನಲ್ಲಿ ನಿಧನರಾದರು. ತಮ್ಮ ಆಸ್ತಿಯನ್ನು ಆರಾಧನೆಯ ಕಾರ್ಯಕ್ಕೆ ಧರ್ಮದತ್ತಿಯಾಗಿ ಬಿಡುವಾಗ, ಸ್ತ್ರೀಯರಿಗೆ ಅಲ್ಲಿ ಹಾಡುವ ಅವಕಾಶ ಇರತಕ್ಕದ್ದೆಂಬ ಷರತ್ತನ್ನು ಅವರು ಬರೆಯಿಸಿದ್ದರು. ಇದು ಬಹು ದೂರದೃಷ್ಟಿಯ ಕೆಲಸ. ಸದ್ಭಾವನೆ ವ್ಯಕ್ತಿಯೊಡನೆ ಹೋಗಿಬಿಡುತ್ತದೆ; ಪತ್ರದಲ್ಲಿ ಬರೆದುದು ಉಳಿಯುತ್ತದೆ. ತ್ಯಾಗರಾಜರ ಸನ್ನಿಧಿಯ ಸಮೀಪದಲ್ಲಿಯೇ ಅವರ ಸಮಾಧಿಯೂ ಇದೆ.

ಈ ವೃತ್ತಾಂತವನ್ನು ಓದಿ ಯಾರನ್ನೋ ಹಳಿಯುವುದು ನಮಗೆ ತರವಲ್ಲ. ಅನೇಕಾಂತ ದೃಷ್ಟಿಯಿಂದ ನೋಡಿದರೆ ಆ ಭಾಗವತರಲ್ಲಿ ಗುರುಭಕ್ತಿಗೆ ಕೊರತೆಯಿರಲಿಲ್ಲ. ಯಾರೂ ಕೇಳದಿದ್ದ ಕಾಲದಲ್ಲಿ ದೀಪ ಹಚ್ಚಿದವರು ಅವರೇ. ಆದರೆ ಭಕ್ತಿಯಿದ್ದ ಮಾತ್ರಕ್ಕೆ ದೋಷ ನಿವಾರಣೆಯಾಗುವುದಿಲ್ಲ. ಜ್ಞಾನಾವರಣ ಕರ್ಮದ ಆಸ್ರವಕ್ಕೆ ಕಾರಣವಾಗುವ ದೋಷಗಳನ್ನು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಎಣಿಸುತ್ತದೆ. ಅವುಗಳಲ್ಲಿ ಮೂರನ್ನು ಇಲ್ಲಿ ಗಮನಿಸಬೇಕು. ವಿದ್ಯೆ ಎಲ್ಲಿಂದ ಬಂದಿತೆಂಬುದನ್ನು ಮರೆಮಾಚುವುದು ನಿಹ್ನವ. ಯೋಗ್ಯರಾದವರಿಗೂ ಅಸೂಯೆಯಿಂದ ವಿದ್ಯೆಯನ್ನು ಕೊಡದಿರುವುದು ಮಾತ್ಸರ್ಯ. ವಿದ್ಯೆಯ ಆರಾಧನೆಗೆ ಅಡ್ಡಿ ಮಾಡುವುದು ಅಂತರಾಯ. ಸಮಾಧಿಯನ್ನು ಮರೆತ ಐವತ್ತು ವರ್ಷಗಳಲ್ಲಿ ನಿಹ್ನವದ ಛಾಯೆಯನ್ನೂ, ಪಕ್ಷಗಳ ಕಲಹದಲ್ಲಿ ಮಾತ್ಸರ್ಯವನ್ನೂ, ಸ್ತ್ರೀಕಂಠವನ್ನು ತಡೆದುದರಲ್ಲಿ ಅಂತರಾಯವನ್ನೂ ನಾವು ಕಾಣುತ್ತೇವೆ. ಸ್ಮರಣೆಯ ಕಾರ್ಯದಲ್ಲಿಯೇ ಕರ್ಮಬಂಧ ಸಂಭವಿಸಬಹುದೆಂಬುದು ಎಚ್ಚರಿಕೆಯ ಮಾತು.

ನಮ್ಮ ಪರಂಪರೆಯಲ್ಲಿ ಇದಕ್ಕೆ ಉತ್ತಮ ಆದರ್ಶವೂ ಇದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಹೊಯ್ಸಳ ರಾಣಿ ಶಾಂತಲದೇವಿ ಗೀತ-ವಾದ್ಯ-ನೃತ್ಯಗಳಲ್ಲಿ ನಿಪುಣೆ. 1131ರಲ್ಲಿ ಶಿವಗಂಗೆಯಲ್ಲಿ ಆಕೆ ಕಾಲವಾದಳು. ತಾಯಿ ಮಾಚಿಕಬ್ಬೆ ಸಲ್ಲೇಖನ ವ್ರತವನ್ನು ಕೈಗೊಂಡಳು. ಬೆಳಗೊಳದ ಶಾಸನಗಳು ಆಕೆಯ ಜಿನಭಕ್ತಿ ಮತ್ತು ದಾನಗಳನ್ನು ಕೊಂಡಾಡುವಾಗ ಆಕೆಯ ಸಂಗೀತ-ನೃತ್ಯ ಕೌಶಲವನ್ನು ಮರೆಯಿಸಲಿಲ್ಲ. ಕಲೆಯೂ ಗುಣವೇ ಎಂದು ನಮ್ಮ ಪೂರ್ವಿಕರು ಕಲ್ಲಿನಲ್ಲಿ ಬರೆಯಿಸಿದರು.

ಇಂದು ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ದಾನಿಗಳ ಹೆಸರಿನ ಫಲಕಗಳಿಗೆ ಕೊರತೆಯಿಲ್ಲ. ಆದರೆ ಪಂಚಕಲ್ಯಾಣದಲ್ಲಿ, ರಥೋತ್ಸವದಲ್ಲಿ, ನಿತ್ಯಾಭಿಷೇಕದಲ್ಲಿ ತಲೆಮಾರುಗಳಿಂದ ನಾಗಸ್ವರ, ಡೋಲು ನುಡಿಸಿದ ವಾದ್ಯದವರ ಹೆಸರು ಎಷ್ಟು ಕಡೆಗಳಲ್ಲಿ ಬರೆಯಲ್ಪಟ್ಟಿದೆ? ಅವರಲ್ಲಿ ಅನೇಕರು ಅನ್ಯ ಸಮಾಜದವರು. ದಶಲಕ್ಷಣ ಪರ್ವದ ಸಂಜೆಗಳಲ್ಲಿ ಸ್ತವನಗಳನ್ನು ಹಾಡಿ ಮಕ್ಕಳಿಗೆ ಕಲಿಸಿದ ವೃದ್ಧ ಶ್ರಾವಿಕೆಯರು ಕಾಲವಾದಾಗ ನಾವು ಎಷ್ಟು ಮಂದಿ ಕೂಡುತ್ತೇವೆ? ಕೂಡಿದರೂ ಮೊದಲ ಒಂದು ಗಂಟೆ ಅಧ್ಯಕ್ಷರ, ಅತಿಥಿಗಳ ಭಾಷಣದಲ್ಲಿ ಕಳೆದು, ಅವರು ಕಲಿಸಿದ ಹಾಡನ್ನು ಹಾಡುವ ಹೊತ್ತಿಗೆ ಜನರು ಪಾದರಕ್ಷೆ ಹುಡುಕುತ್ತಿರುತ್ತಾರೆ.

ಆದುದರಿಂದ ವಿಶ್ವಸ್ತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು. ಬಸದಿಯ ವಾದ್ಯ ಮತ್ತು ಗಾಯನ ಸೇವೆ ಮಾಡಿದವರ ಹೆಸರು, ಸೇವೆಯ ವರ್ಷಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸಿಡಿ. ಅವರು ಗತಿಸಿದಾಗ ಜಾತಿಮತಗಳನ್ನು ಎಣಿಸದೆ ಅವರ ಮನೆಯವರನ್ನೂ ಜೊತೆಯ ಕಲಾವಿದರನ್ನೂ ಕರೆದು ಕೂಡಿರಿ. ಅಲ್ಲಿ ಅವರ ವಿದ್ಯೆಯನ್ನು ಮುಂದುವರಿಸುವವರು, ಸ್ತ್ರೀಯಾಗಲಿ ಪುರುಷನಾಗಲಿ, ಮೊದಲು ಹಾಡಲಿ. ನಾವು ಆಮೇಲೆ ಮಾತನಾಡೋಣ. ಇದಕ್ಕಾಗಿ ದತ್ತಿ ಇಡುವವರು ಈ ಕ್ರಮವನ್ನು ದತ್ತಿಪತ್ರದಲ್ಲಿಯೇ ಬರೆಯಿಸಲಿ. ಗುಣಾಧಿಕರ ಎದುರಿಗೆ ಒಂದು ಗಂಟೆ ಸುಮ್ಮನೆ ಕುಳಿತು ಕೇಳಬಲ್ಲವನಿಗೆ ಪ್ರಮೋದಭಾವನೆಯ ಅಭ್ಯಾಸ ಅಷ್ಟರಮಟ್ಟಿಗೆ ಆರಂಭವಾಯಿತೆಂದೇ ತಿಳಿಯಬೇಕು.